ಕೊರೆಯುವ ಮೊದಲೇ ಹಂಚಿಹೋದ ಸುರಂಗ

ಇಂಗ್ಲೆಂಡ್–ಫ್ರಾನ್ಸ್ ನಡುವಿನ ಚಾನೆಲ್ ಸುರಂಗದ ಉದ್ದ 50.45 ಕಿಲೋಮೀಟರ್. ಹೆಚ್ಚುಕಡಿಮೆ ಬೆಂಗಳೂರಿನಿಂದ ರಾಮನಗರದವರೆಗೆ ಬಿಸಿಲನ್ನೇ ಕಾಣದ ಪಯಣ! ಅದರಲ್ಲಿ 38 ಕಿ.ಮೀ. ಸಮುದ್ರದಡಿ. ಅತಿ ಆಳದ ಜಾಗದಲ್ಲಿ ಹಳಿಗೂ ಕಡಲತಳಕ್ಕೂ ನಡುವೆ ಸುಮಾರು 75 ಮೀಟರ್: ಮುರುಡೇಶ್ವರದ 20 ಅಂತಸ್ತಿನ ರಾಜಗೋಪುರ ನೆಟ್ಟಗೆ ನಿಲ್ಲುವಷ್ಟು!

ಅಗೆದು ತೆಗೆದದ್ದೆಷ್ಟು? ಬ್ರಿಟನ್ ಕಡೆಯಲ್ಲೇ 49 ಲಕ್ಷ ಘನ ಮೀಟರ್. ಲಾರಿಗೆ ಹತ್ತು ಘನ ಮೀಟರಿನಂತೆ ತುಂಬಿದರೆ 4,90,000 ಲಾರಿ. ಹತ್ತತ್ತು ಮೀಟರಿಗೊಂದರಂತೆ ನಿಲ್ಲಿಸಿದರೆ ಸಾಲಿನ ಉದ್ದ 4,900 ಕಿ.ಮೀ. ಕನ್ಯಾಕುಮಾರಿಯಿಂದ ಕಾಶ್ಮೀರ ಮುಟ್ಟಿದರೂ ಸಾಲು ಮುಗಿಯದು!

ಈ ದೈತ್ಯನಿಗಿಂತಲೂ ದೊಡ್ಡದೊಂದಿದೆ: ಒಂದು ಕಾಗದ. ಸುರಂಗದಲ್ಲಿ ಯಾರ ರೈಲು ಎಷ್ಟು ಓಡಬೇಕೆಂದು ಹೇಳುವ ರೈಲು ಬಳಕೆ ಒಪ್ಪಂದ. ಸುರಂಗ ನಡೆಸುವ ಕಂಪನಿ ಯೂರೋಟನಲ್, ಬ್ರಿಟನ್ನಿನ ರೈಲ್ವೆ ಬ್ರಿಟಿಷ್ ರೈಲ್ ಮತ್ತು ಫ್ರಾನ್ಸಿನ ರೈಲ್ವೆ ಎಸ್‌ಎನ್‌ಸಿಎಫ್ ಅದಕ್ಕೆ ರುಜು ಹಾಕಿದ್ದು 1987ರ ಜುಲೈ 29ರಂದು. ಕೊರೆಯುವ ಯಂತ್ರ ಇಂಗ್ಲೆಂಡಿನ ದಡದಿಂದ ಹೊರಟದ್ದು ಡಿಸೆಂಬರಿನಲ್ಲಿ. ಸುರಂಗ ತೆರೆದದ್ದು 1994ರಲ್ಲಿ. ಇಲ್ಲದ ಹಾದಿಯಲ್ಲಿ ಅರ್ಧ ಪಾಲು ಆ ಎರಡು ರೈಲ್ವೆಗಳಿಗೆ ಆಗಲೇ ಮೀಸಲು! ಉಳಿದರ್ಧ ಯೂರೋಟನಲ್‌ನ ಸ್ವಂತ ಷಟಲ್ ರೈಲುಗಳಿಗೆ.

ಒಪ್ಪಂದದ ಅವಧಿ 2052ರವರೆಗೆ. ರುಜು ಬಿದ್ದ ದಿನ ಹುಟ್ಟಿದ ಮಗುವಿಗೆ ಆಗ 65 ವರ್ಷ. ಸುರಂಗ ನಡೆಸುವ ಹಕ್ಕೇ ಮುಗಿಯುವುದು 2086ರಲ್ಲಿ; ಆ ಮಗು ಆಗ 99ರ ಅಜ್ಜ! ರುಜು ಹಾಕಿದ ಬ್ರಿಟಿಷ್ ರೈಲ್‌ನ ಮಂಡಳಿ 2001ರಲ್ಲೇ ಇಲ್ಲವಾಯಿತು. ಒಪ್ಪಂದ ಮಾತ್ರ ಗಟ್ಟಿಯಾಗಿ ನಿಂತಿದೆ.

ಈಗ ಎರಡು ರೈಲ್ವೆಗಳಿಗೆ ಮೀಸಲಾದ ಆ ಅರ್ಧವನ್ನು ಅಳೆಯೋಣ. ಸುರಂಗದಲ್ಲಿ ಒಂದು ದಿಕ್ಕಿಗೆ ಗಂಟೆಗೆ 20 ರೈಲುಗಳ ಸರದಿ, ಮೂರು ನಿಮಿಷಕ್ಕೊಂದು. ಅರ್ಧ ಎಂದರೆ 10. ದುರಸ್ತಿಗೆ ನಿಲ್ಲಿಸುವ ಹೊತ್ತನ್ನು ಕಳೆಯದೆ ಗುಣಿಸಿದರೆ ದಿನಕ್ಕೆ 240, ವರ್ಷಕ್ಕೆ 87,600. ರೈಲು ಓಡತೊಡಗಿದ ವರ್ಷದಿಂದ 2052ರವರೆಗಿನ 58 ವರ್ಷಕ್ಕೆ, ಎರಡೂ ದಿಕ್ಕು ಸೇರಿ, ಒಂದು ಕೋಟಿಗೂ ಮಿಕ್ಕು! ಪ್ರತಿ ಸರದಿಗೆ 50 ಕಿಲೋಮೀಟರಿನಂತೆ ಕೂಡಿಸಿದರೆ 50 ಕೋಟಿ ಕಿ.ಮೀ. ದಾಟುತ್ತದೆ. ಭೂಮಿಗೆ 12,000ಕ್ಕೂ ಹೆಚ್ಚು ಸುತ್ತು. ಸೂರ್ಯನಿರುವುದು 15 ಕೋಟಿ ಕಿಲೋಮೀಟರ್ ದೂರದಲ್ಲಿ: ಅಲ್ಲಿಗೆ ಹೋಗಿ, ಬಂದು, ಮತ್ತೆ ಹೋದರೂ ಹಾದಿ ಇನ್ನೂ ಮಿಕ್ಕಿರುತ್ತದೆ!

ಇಷ್ಟು ದೂರವನ್ನು ಹಂಚಿಕೊಟ್ಟದ್ದು 1987ರ ಜುಲೈನ ಆ ಒಂದೇ ಒಪ್ಪಂದ.