ಮಾತಿನಲ್ಲಿ ಸವೆಯುವ ದಾರಿ

ಕರ್ನಾಟಕದ ನಕಾಶೆಯಲ್ಲಿ ಕಣ್ಣನ್ನು ಮೇಲೆ ಮೇಲೆ ಒಯ್ದರೆ ತುತ್ತತುದಿಗೆ ಸಿಗುವುದು ಬೀದರ್ ಜಿಲ್ಲೆಯ ಔರಾದ್ ಸೀಮೆ. ಎಕಂಬಾ ಇರುವುದು ಅಲ್ಲಿ. ಈ ಕಡೆಯ ಹಿರಿಯರಿಗೆ ನಡಿಗೆಯೆಂದರೆ ಡಾಕ್ಟರು ಬರೆದುಕೊಟ್ಟ ಔಷಧವಲ್ಲ. ಹೊಲಕ್ಕೆ, ಸಂತೆಗೆ, ಗಡಿಯಾಚೆಯ ಬೀಗರ ಮನೆಗೆ ಹೋಗುವ ಉಪಾಯ. ಜೊತೆಗೊಬ್ಬರಿದ್ದರೆ ಮಾತು ತಾನಾಗಿ ಹುಟ್ಟುತ್ತದೆ. ಕನ್ನಡದಲ್ಲಿ ಶುರುವಾದದ್ದು ಮರಾಠಿಗೆ ಹೊರಳಿ, ಎದುರು ಬಂದವರೊಡನೆ ದಖನಿ ಉರ್ದುವಿನಲ್ಲಿ ಕುಶಲ ಕೇಳಿ, ಮತ್ತೆ ಕನ್ನಡಕ್ಕೆ ಬರುತ್ತದೆ. 1956ರಲ್ಲಿ ರಾಜ್ಯಗಳ ಗಡಿ ಬದಲಾಯಿತು. ನಾಲಗೆಗಳು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ನಡೆಯುತ್ತ ಮಾತಾಡಿದವರ ನೆನಪು ಈ ಜಿಲ್ಲೆಗೆ ಹಳೆಯದು. ಗುರುನಾನಕರು ಬೀದರಿಗೆ ಬಂದಿದ್ದರೆಂಬುದು ಸಿಖ್ಖರ ಪರಂಪರೆ. ನಾನಕ್ ಝೀರಾದ ನೀರಿನ ಸೆಲೆ ಅದಕ್ಕೆ ಸಾಕ್ಷಿಯೆಂದು ಭಕ್ತರು ನಂಬುತ್ತಾರೆ. ನಾನಕರ ದೀರ್ಘ ಯಾತ್ರೆಗಳ ಸಂಗಾತಿ ಮರ್ದಾನ ಅವರ ಊರಾದ ತಲವಂಡಿಯವನೇ. ಮುಸಲ್ಮಾನ, ರಬಾಬ್ ನುಡಿಸುವವನು. ಜನಮಸಾಖಿ ಕಥೆಗಳಲ್ಲಿ ಈತ ಹಸಿವು ಎನ್ನುತ್ತಾನೆ, ಬಾಯಾರಿಕೆ ಎನ್ನುತ್ತಾನೆ, ಅರ್ಥವಾಗದ್ದನ್ನು ಕೇಳುತ್ತಾನೆ. ಗೊಣಗುವ ಮರ್ದಾನನಿಲ್ಲದೆ ಆ ಕಥೆಗಳು ಎಷ್ಟು ಒಣಗಿ ಹೋಗುತ್ತಿದ್ದವು! ಸಂಗಾತಿಯೆಂದರೆ ಹೂಂಗುಟ್ಟುವವನೇ ಆಗಬೇಕಿಲ್ಲ.

ಇನ್ನೊಂದು ಜೋಡಿ ಜ್ಞಾನೇಶ್ವರ ಮತ್ತು ನಾಮದೇವರದು. ಇಬ್ಬರೂ ಕೂಡಿ ತೀರ್ಥಯಾತ್ರೆ ಮಾಡಿದ ಕಥೆಯನ್ನು ವಾರಕರಿಗಳು ಇಂದಿಗೂ ಹೇಳುತ್ತಾರೆ. ಮುಂದೆ ನಾಮದೇವರ ಪದಗಳು ಸಿಖ್ಖರ ಗ್ರಂಥದಲ್ಲೂ ಜಾಗ ಪಡೆದವು. ಆಷಾಢದಲ್ಲಿ ಬೀದರ್ ಸೀಮೆಯಿಂದಲೂ ಪಂಢರಪುರಕ್ಕೆ ದಿಂಡಿ ಹೊರಡುತ್ತದೆ. ತಾಳ, ಮೃದಂಗ, ಅಭಂಗ. ಅವುಗಳ ನಡುವೆ ಮಳೆ ಬಂತೋ ಇಲ್ಲವೋ, ಸಾಲ ತೀರಿತೋ ಇಲ್ಲವೋ ಎಂಬ ಸಂಸಾರದ ಮಾತು. ದಾರಿಯಲ್ಲಿ ಒಬ್ಬರನ್ನೊಬ್ಬರು ‘ಮಾವುಲಿ’, ಅಂದರೆ ತಾಯಿ, ಎಂದೇ ಕರೆಯುತ್ತಾರೆ. ಗಂಡಸರೂ ಅಷ್ಟೇ.

ಈ ಸುಖ ಯಾರಿಗೆ ಹೆಚ್ಚು ಬೇಕು? ನನ್ನನ್ನು ಕೇಳಿದರೆ, ಹೆಂಗಸರಿಗೆ. ಮನೆಯಲ್ಲಿ ಅತ್ತೆಯ ಕಿವಿ, ಬಾವಿಕಟ್ಟೆಯಲ್ಲಿ ಊರಿನ ಕಿವಿ. ಹೊಲದ ಹಾದಿಯಲ್ಲಿ ಮಾತ್ರ ಇಬ್ಬರೇ. “ಯಾಕವಾ, ಇವತ್ತ ಬಾಯಿ ಮುಚ್ಕೊಂಡ ನಡಿಲತ್ತಿ?” ಎಂದು ಹಿರಿಯಳು ಕೇಳಿದರೆ ಸಾಕು, ತವರಿನ ಚಿಂತೆ, ಗಂಡನ ಕುಡಿತ, ಮಗಳ ಶಾಲೆ ಬಿಡಿಸುವ ಮಾತು ಎಲ್ಲವೂ ಹೊರಬರುತ್ತವೆ. ಎದುರುಬದುರು ಕೂತರೆ ಬಾರದ ಮಾತು, ಪಕ್ಕಪಕ್ಕ ನಡೆಯುವಾಗ ಬರುತ್ತದೆ. ಮುಖ ನೋಡಬೇಕಿಲ್ಲ, ಅಳು ಬಂದರೆ ತೊಗರಿ ಹೊಲದ ಕಡೆ ತಿರುಗಿದರಾಯಿತು. ಮಗಳ ಶಾಲೆ ಉಳಿಸಲು ಯಾರಿಂದ ಹೇಳಿಸಬೇಕೆಂಬುದೂ ಅಲ್ಲೇ ತೀರ್ಮಾನವಾಗುತ್ತದೆ.

ಈಗ ಮನೆಮನೆಗೂ ಮೋಟಾರ್ ಸೈಕಲ್. ಗಂಡ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹತ್ತು ನಿಮಿಷಕ್ಕೆ ಹೊಲ ಮುಟ್ಟಿಸುತ್ತಾನೆ. ಕಾಲು ನೋಯುವ ಮುದುಕಿಗೆ ಇದು ಉಪಕಾರವೇ; ಬೇಡವೆನ್ನಲು ನಾವು ಯಾರು? ಆದರೆ ಅವಳು ಆಡಿದ್ದನ್ನು ಗಾಳಿ ತಿನ್ನುತ್ತದೆ. ನಡೆಯುವ ಹುಡುಗರ ಕಿವಿಯಲ್ಲಿ ಮೊಬೈಲು; ಮಾತು ದೂರದ ಪುಣೆಯವನೊಡನೆ, ಪಕ್ಕದವನು ಮೂಕ.

ಆದರೂ ಕಳೆ ತೆಗೆಯುವ ದಿನಗಳಲ್ಲಿ ಸಂಜೆ ಹೊತ್ತು, ಬುತ್ತಿಗಂಟು ಬಗಲಲ್ಲಿಟ್ಟು ಇಬ್ಬಿಬ್ಬರಾಗಿ ಮರಳುವ ಹೆಂಗಸರು ಕಾಣುತ್ತಾರೆ. ಹಾದಿ ಕವಲೊಡೆಯುವಲ್ಲಿ ಅವರು ಕೂಡಲೇ ಬೇರೆಯಾಗುವುದಿಲ್ಲ. ಮಾತು ಇನ್ನೂ ಬಾಕಿಯಿರುತ್ತದೆ; ಒಬ್ಬಳು ಇನ್ನೊಬ್ಬಳನ್ನು ನಾಲ್ಕು ಹೆಜ್ಜೆ ಬಿಟ್ಟುಬರಲು ಅವಳ ಹಾದಿಯಲ್ಲೇ ಹೊರಡುತ್ತಾಳೆ.