ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಸಾರಿಗೆ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ಕರ್ನಾಟಕದ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ತಾಲ್ಲೂಕುಗಳು. ಇಲ್ಲಿ ರೈಲು ಮಾರ್ಗವಾಗಲಿ ವಿಮಾನ ನಿಲ್ದಾಣವಾಗಲಿ ಇಲ್ಲದ ಕಾರಣ ಜನರ ಓಡಾಟವು ರಸ್ತೆಯನ್ನು, ವಿಶೇಷವಾಗಿ ಬಸ್ಸನ್ನು, ಅವಲಂಬಿಸಿದೆ. ಕೊಪ್ಪವನ್ನು ಕೇಂದ್ರವಾಗಿಸಿಕೊಂಡು 1991ರಿಂದ 2020ರವರೆಗೆ ನಡೆದ ‘ಸಹಕಾರ ಸಾರಿಗೆ’ಯು ಕಾರ್ಮಿಕರೇ ಒಡೆತನ ಹೊಂದಿದ್ದ ಬಸ್ ಸಂಸ್ಥೆಯಾಗಿ ಪ್ರಸಿದ್ಧವಾಗಿತ್ತು.

ಭೌಗೋಳಿಕ ಹಿನ್ನೆಲೆ

ಪಶ್ಚಿಮ ಘಟ್ಟದ ಮಡಿಲಿನಲ್ಲಿರುವ ಈ ಪ್ರದೇಶದಲ್ಲಿ ತುಂಗಾ ಮತ್ತು ಭದ್ರಾ ನದಿಗಳು ಹರಿಯುತ್ತವೆ. ಶೃಂಗೇರಿ ಮತ್ತು ಹರಿಹರಪುರ ತುಂಗೆಯ ದಡದಲ್ಲಿಯೂ ಬಾಳೆಹೊನ್ನೂರು ಭದ್ರೆಯ ದಡದಲ್ಲಿಯೂ ಇವೆ. ಬಯಲುಸೀಮೆಯಂತೆ ಇಲ್ಲಿ ಮನೆಗಳು ಒಂದೆಡೆ ಗುಂಪಾಗಿರುವುದಿಲ್ಲ. ಅಡಿಕೆ ತೋಟ, ಗದ್ದೆಗಳ ಅಂಚಿನಲ್ಲಿ ಒಂಟಿಯಾಗಿ ಅಥವಾ ಎರಡು ಮೂರರಂತೆ ಚದುರಿಕೊಂಡಿರುತ್ತವೆ. ಆದ್ದರಿಂದ ಬಸ್ಸು ದೀರ್ಘ ದೂರ ಕ್ರಮಿಸಿದರೂ ಹತ್ತುವವರ ಸಂಖ್ಯೆ ಕಡಿಮೆ. ಮಳೆಗಾಲದಲ್ಲಿ ಹಳ್ಳಗಳು ತುಂಬಿದಾಗ ಅನೇಕ ಮನೆಗಳವರು ಕಾಲುಸಂಕ ದಾಟಿಯೇ ರಸ್ತೆಗೆ ಬರಬೇಕಾಗುತ್ತದೆ.

ರೈಲು ಮಾರ್ಗ

ಮೈಸೂರು ಸಂಸ್ಥಾನದ ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಿರಿದಾದ ಹಳಿಗಳ ಟ್ರಾಮ್ ಮಾರ್ಗವಿತ್ತು. ಎಡೇಹಳ್ಳಿ ಎಂಬುದು ಆ ಊರಿನ ಹಳೆಯ ಹೆಸರು. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರ ಗೌರವಾರ್ಥ ಈಗಿನ ಹೆಸರು ಬಂದಿದೆ. 20ನೇ ಶತಮಾನದ ಪೂರ್ವಾರ್ಧದ ಆ ಮಾರ್ಗ ಮುಚ್ಚಿದ ಬಳಿಕ ಈ ಭಾಗಕ್ಕೆ ರೈಲು ಮರಳಲಿಲ್ಲ. ಈಗ ಪ್ರಯಾಣಿಕರು ಶಿವಮೊಗ್ಗ, ತರೀಕೆರೆ, ಕಡೂರು ಅಥವಾ ಉಡುಪಿ ನಿಲ್ದಾಣಗಳನ್ನು ಬಳಸುತ್ತಾರೆ. ವಿಮಾನ ಪ್ರಯಾಣಕ್ಕೆ ಮಂಗಳೂರು ಹಾಗೂ 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡ ಶಿವಮೊಗ್ಗ ವಿಮಾನ ನಿಲ್ದಾಣಗಳಿವೆ.

ರಸ್ತೆಗಳು

ಶಿವಮೊಗ್ಗ ಮತ್ತು ಮಂಗಳೂರನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 169 ತೀರ್ಥಹಳ್ಳಿ, ಶೃಂಗೇರಿ, ಕಾರ್ಕಳಗಳ ಮೂಲಕ ಸಾಗುತ್ತದೆ. ಶೃಂಗೇರಿ ಮತ್ತು ಕಾರ್ಕಳದ ನಡುವೆ ಈ ರಸ್ತೆ ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನು ಹಾಯುತ್ತದೆ. ಉಡುಪಿಯತ್ತ ಹೋಗಲು ಆಗುಂಬೆ ಘಾಟಿಯಿದೆ. ಮಳೆಗಾಲದಲ್ಲಿ ಅಲ್ಲಿ ಭಾರೀ ವಾಹನಗಳ ಸಂಚಾರವನ್ನು ಆಗಾಗ ನಿರ್ಬಂಧಿಸಲಾಗುತ್ತದೆ. ಕೊಪ್ಪದಿಂದ ಜಯಪುರ, ಬಾಳೆಹೊನ್ನೂರು ಮಾರ್ಗವಾಗಿ ಜಿಲ್ಲಾ ಕೇಂದ್ರವಾದ ಚಿಕ್ಕಮಗಳೂರನ್ನು ತಲುಪಬಹುದು.

ಸಹಕಾರ ಸಾರಿಗೆ

ರಾಜ್ಯದ ಹಲವೆಡೆ ಸರ್ಕಾರಿ ಬಸ್ಸುಗಳು ಪ್ರಧಾನವಾದರೂ ಮಲೆನಾಡಿನಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚಾಗಿ ಉಳಿದವು. ಅವುಗಳಲ್ಲಿ ಶಂಕರ್ ಟ್ರಾನ್ಸ್‌ಪೋರ್ಟ್ ಸಂಸ್ಥೆಯೂ ಒಂದು. ಅಲ್ಲಿ ಉಂಟಾದ ಕಾರ್ಮಿಕ ವಿವಾದದ ನಂತರ ಅದರ ನೌಕರರು 1991ರಲ್ಲಿ ಸಹಕಾರ ಸಂಘವನ್ನು ರಚಿಸಿಕೊಂಡು ಕೆಲವೇ ಬಸ್ಸುಗಳೊಂದಿಗೆ ಸೇವೆ ಆರಂಭಿಸಿದರು. ಚಾಲಕರು, ನಿರ್ವಾಹಕರು ಮತ್ತು ಕಾರ್ಯಾಗಾರದ ಕೆಲಸಗಾರರೇ ಸಂಘದ ಸದಸ್ಯರಾಗಿದ್ದರು.

ಮುಂದೆ ಸಂಘದ ಬಸ್ಸುಗಳ ಸಂಖ್ಯೆ ಸುಮಾರು 70ಕ್ಕೆ ಏರಿತು. ಹೆಚ್ಚು ಆದಾಯವಿಲ್ಲದ ಒಳನಾಡಿನ ಹಳ್ಳಿಗಳಿಗೂ ಬಸ್ ಓಡಿಸಿದ್ದು ಮತ್ತು ವಿದ್ಯಾರ್ಥಿಗಳಿಗೆ ರಿಯಾಯಿತಿ ನೀಡಿದ್ದು ಇದರ ವೈಶಿಷ್ಟ್ಯ. ಲಾಭದ ಮಾರ್ಗಗಳ ಗಳಿಕೆಯಿಂದ ನಷ್ಟದ ಮಾರ್ಗಗಳ ವೆಚ್ಚವನ್ನು ತೂಗಿಸಿಕೊಂಡಾಗ ಮಾತ್ರ ಇಂತಹ ಸೇವೆ ಸಾಧ್ಯ. ಡೀಸೆಲ್ ಬೆಲೆ, ವಿಮೆ ಮತ್ತು ತೆರಿಗೆಯ ಹೊರೆ ಏರಿ ಈ ಸಮತೋಲನ ತಪ್ಪಿತು. ವೇತನ ಪಾವತಿಯೂ ಕಷ್ಟವಾಗಿ 2020ರ ಫೆಬ್ರವರಿಯಲ್ಲಿ ಸಂಚಾರ ಸ್ಥಗಿತಗೊಂಡಿತು. ಶಾಲಾ ಕಾಲೇಜಿಗೆ, ಆಸ್ಪತ್ರೆಗೆ, ಸಂತೆಗೆ ಈ ಬಸ್ಸುಗಳನ್ನೇ ನಂಬಿದ್ದ ಹಳ್ಳಿಗರಿಗೆ ಇದರಿಂದ ತೊಂದರೆಯಾಯಿತು. ದುಡಿಯುತ್ತಿದ್ದ ನೌಕರರು ಉದ್ಯೋಗವನ್ನೂ ಕಳೆದುಕೊಂಡರು.

ಪ್ರಸ್ತುತ ಸ್ಥಿತಿ

ಈಗ ಖಾಸಗಿ ಬಸ್ಸುಗಳು ಮತ್ತು ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ ಬಸ್ಸುಗಳು ಸಂಚರಿಸುತ್ತವೆ. ಶಾರದಾಂಬೆಯ ದರ್ಶನಕ್ಕೆ ಬರುವ ಯಾತ್ರಿಕರಿಂದಾಗಿ ಶೃಂಗೇರಿಗೆ ಬೆಂಗಳೂರು ಮೊದಲಾದ ದೂರದ ಊರುಗಳಿಂದ ನೇರ ಬಸ್ಸುಗಳಿವೆ. ಒಳಹಳ್ಳಿಗಳಲ್ಲಿ ಆಟೋರಿಕ್ಷಾ, ಜೀಪು ಮತ್ತು ದ್ವಿಚಕ್ರ ವಾಹನಗಳ ಬಳಕೆ ಹೆಚ್ಚು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣವು ಸರ್ಕಾರಿ ಬಸ್ಸುಗಳಿಗೆ ಸೀಮಿತವಾಗಿದೆ. ಹೀಗಾಗಿ ಖಾಸಗಿ ಬಸ್ಸುಗಳು ಮಾತ್ರ ಓಡುವ ಮಾರ್ಗಗಳಲ್ಲಿ ಮಹಿಳೆಯರಿಗೆ ಅದರ ಪ್ರಯೋಜನ ದೊರೆಯುವುದಿಲ್ಲ.