ಒಂದೇ ಸ್ವಿಚ್ಚಿಗೆ ಇಡೀ ಚರ್ಚ್ ಬೆಳಗಬೇಕೇ?

ಕರಾವಳಿಯ ಹಳೆಯ ಚರ್ಚ್‌ಗಳಿಗೆ ಹೋದಾಗ ಒಮ್ಮೆ ತಲೆಯೆತ್ತಿ ನೋಡಿ. ಮುರಕಲ್ಲಿನ ದಪ್ಪ ಗೋಡೆ, ಎತ್ತರದ ಹೆಂಚಿನ ಮಾಡು, ಬಣ್ಣದ ಗಾಜಿನ ಕಿಟಕಿ. ಇವುಗಳ ನಡುವೆ ಯಾವುದೋ ಕಾಲದ ಟ್ಯೂಬ್‌ಲೈಟ್, ಅದರ ಪಕ್ಕದಲ್ಲೇ ಮೊನ್ನೆ ಬಿಗಿದ ಎಲ್‌ಇಡಿ ಫ್ಲಡ್‌ಲೈಟ್. ಕಟ್ಟಿದವರು ನಂಬಿದ್ದು ಸೂರ್ಯನನ್ನು ಮತ್ತು ಮೇಣದಬತ್ತಿಯನ್ನು. ಕರೆಂಟು ಬಂದದ್ದು ಆಮೇಲೆ. ಹಾಗಾಗಿ ದೀಪ ಕೂತದ್ದು ವೈರು ಎಳೆಯಲು ಸುಲಭವಿದ್ದ ಕಡೆ, ಬೆಳಕು ಬೇಕಾದ ಕಡೆ ಅಲ್ಲ.

ಇದರಿಂದ ತೊಂದರೆ ಯಾರಿಗೆ? ವಾರದ ದಿನಗಳ ಬೆಳಗಿನ ಬಲಿಪೂಜೆಗೆ ಬರುವವರಲ್ಲಿ ಹಿರಿಯರೇ ಹೆಚ್ಚು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರ ನನ್ನ ಕಣ್ಣಿನೊಳಗೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಭಾಗವಷ್ಟೇ ಅರವತ್ತರ ಕಣ್ಣಿಗೆ ತಲುಪುತ್ತದೆ. ನನಗೆ ‘ಸಾಕು’ ಅನ್ನಿಸುವ ಬೆಳಕಿನಲ್ಲಿ ಪಕ್ಕದ ಅಜ್ಜಿಗೆ ಗೀತೆ ಪುಸ್ತಕದ ಅಕ್ಷರ ಕಾಣುವುದೇ ಇಲ್ಲ.

ಹಾಗಾದರೆ ಇನ್ನಷ್ಟು ಫ್ಲಡ್‌ಲೈಟ್ ಹಾಕಿದರಾಯಿತಲ್ಲ? ತೊಡಕಿರುವುದು ಅಲ್ಲೇ. ಪುಸ್ತಕ ಓದಲು ಸುಮಾರು 300 ಲಕ್ಸ್ ಬೆಳಕು ಬೇಕು. ಆದರೆ ತೈಲಚಿತ್ರಗಳಿಗೆ 200 ಲಕ್ಸ್, ಹಳೆಯ ಬಟ್ಟೆ ಮತ್ತು ಕಾಗದಕ್ಕೆ 50 ಲಕ್ಸ್ ದಾಟಬಾರದು ಎಂಬುದು ವಸ್ತುಸಂಗ್ರಹಾಲಯಗಳು ಪಾಲಿಸುವ ನಿಯಮ. ಬೆಳಕಿನಿಂದ ಬಣ್ಣ ಮಾಸಿದರೆ ಮತ್ತೆ ಬಾರದು. ಹಾನಿ ಗಂಟೆಗಟ್ಟಲೆ ಕೂಡುತ್ತಾ ಹೋಗುತ್ತದೆ. ಒಂದೇ ಮಾಡಿನ ಕೆಳಗೆ ಅಜ್ಜಿಯ ಪುಸ್ತಕಕ್ಕೆ ಹೆಚ್ಚು ಬೆಳಕು, ಬಲಿಪೀಠದ ಹಳೆಯ ಚಿತ್ರಕ್ಕೆ ಕಡಿಮೆ ಬೆಳಕು ಬೇಕು. ಒಂದೇ ಸ್ವಿಚ್ಚು ಇವೆರಡನ್ನೂ ಕೊಡಲಾರದು.

ಎಲೆಕ್ಟ್ರಿಕಲ್ ವಿದ್ಯಾರ್ಥಿಗೆ ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ದೀಪದ ಎತ್ತರ ಎರಡು ಪಟ್ಟಾದರೆ ನೇರ ಕೆಳಗೆ ಬೀಳುವ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಎತ್ತರದ ಮಾಡಿನಿಂದ ಬೆಂಚುಗಳಿಗೆ ಕಿರಿದಾದ ಕೋನದ ದೀಪ ಬೇಕು. ಬೆಂಚು, ಬಲಿಪೀಠ, ಮಾಡು, ನಡೆಯುವ ದಾರಿ, ಎಲ್ಲಕ್ಕೂ ಬೇರೆ ಬೇರೆ ಸರ್ಕ್ಯೂಟ್, ಜೊತೆಗೆ ಡಿಮ್ಮರ್ ಇರಬೇಕು. 6500 ಕೆಲ್ವಿನ್‌ನ ಬಿಳಿ ಬೆಳಕಿನಲ್ಲಿ ಹಳೆಯ ಮರ ಬೂದಿ ಬಳಿದಂತೆ ಕಾಣುತ್ತದೆ. 2700ರಿಂದ 3000 ಕೆಲ್ವಿನ್ ಇದ್ದರೆ ಮರ, ಚಿನ್ನದ ಲೇಪ ಎರಡೂ ಜೀವಂತ. ವೈರಿಗಾಗಿ ಗೋಡೆ ಕೊರೆಯುವಂತಿಲ್ಲ. ಕಾರ್ನಿಸ್‌ನ ಮರೆಯಲ್ಲಿ ಎಳೆಯಬೇಕು, ನಾಳೆ ಬಿಚ್ಚಿದರೂ ಗುರುತು ಉಳಿಯಬಾರದು. ಕೆಟ್ಟ ದೀಪವನ್ನು ಏಣಿಯಿಟ್ಟು ಬದಲಿಸುವಂತಿರಬೇಕು. ಇಲ್ಲದಿದ್ದರೆ ಮುಂದಿನ ಹಬ್ಬದವರೆಗೆ ಅಲ್ಲಿ ಕತ್ತಲೆಯೇ.

ಇದು ಆಗದ ಮಾತೇನಲ್ಲ. ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್‌ನಲ್ಲಿ 2014ರಲ್ಲಿ ಸುಮಾರು 7000 ಎಲ್‌ಇಡಿಗಳನ್ನು ಅಳವಡಿಸಿದರು. 1508ರಿಂದ 1512ರವರೆಗೆ ಮೈಕೆಲೆಂಜೆಲೊ ಬರೆದ ಮಾಡಿನ ಚಿತ್ರಗಳು ಮೊದಲಿಗಿಂತ ನಿಚ್ಚಳವಾದವು, ವಿದ್ಯುತ್ ಖರ್ಚು ಅರ್ಧಕ್ಕಿಂತ ಕೆಳಗಿಳಿಯಿತು. ದೀಪಗಳನ್ನು ಕಿಟಕಿಗಳ ಕೆಳಗಿನ ಅಂಚಿನಲ್ಲಿ ಅಡಗಿಸಿಟ್ಟಿರುವುದರಿಂದ ನೋಡುಗರಿಗೆ ಅವು ಕಾಣುವುದೇ ಇಲ್ಲ. ಚಿತ್ರಗಳ ಬಣ್ಣಗಳನ್ನು ಅಳೆದು, ಅವಕ್ಕೆ ತಕ್ಕ ಬೆಳಕನ್ನು ಹೊಂದಿಸಿದ್ದರು. ನಮ್ಮ ಊರಿನ ಚರ್ಚ್‌ಗೆ ಅಷ್ಟು ಹಣ ಇರದು. ಆದರೆ ಮೊದಲು ಅಳೆದು ಆಮೇಲೆ ದೀಪ ಆರಿಸುವ ಆ ಕ್ರಮಕ್ಕೆ ಹೆಚ್ಚಿನ ಖರ್ಚಿಲ್ಲ.

ಬಿ.ಇ. ಓದುತ್ತಿರುವ ಗೆಳೆಯರೇ, ಲೈಟಿಂಗ್ ಡಿಸೈನ್ ಎಂಬುದು ಕೂಡ ಒಂದು ಉದ್ಯೋಗ. ಕ್ಯಾಂಪಸ್ ಸಂದರ್ಶನ ಎಂದರೆ ಸಾಫ್ಟ್‌ವೇರ್ ಮಾತ್ರವೇ ಎಂದುಕೊಂಡ ನಮಗೆ ಇದು ಕಾಣುವುದು ಕಡಿಮೆ. ಡಯಲಕ್ಸ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಲಕ್ಸ್ ಮೀಟರ್‌ಗೆ ಲ್ಯಾಬ್‌ನಲ್ಲಿ ಕೇಳಿ ನೋಡಬಹುದು. ಊರಿನ ಹಳೆಯ ಚರ್ಚ್, ಬಸದಿ, ದರ್ಗಾ, ದೇವಸ್ಥಾನ ಯಾವುದಾದರೂ ಸರಿ, ಅನುಮತಿ ಪಡೆದು ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಆರಿಸಿಕೊಳ್ಳಿ. ಒಂದು ಮಾತು ಮಾತ್ರ ನೆನಪಿರಲಿ: ಮೀಟರ್ ಹಿಡಿಯುವ ಮೊದಲು ಕೊನೆಯ ಬೆಂಚಿನ ಹಿರಿಯರನ್ನು ‘ಕಾಣುತ್ತದೆಯೇ?’ ಎಂದು ಕೇಳಿ.